ಚಿಕ್ಕ ಕಾರಿಗೆ ಸೈಕಲ್ ರ‍್ಯಾಕ್: ಹಿಂದಕ್ಕೋ, ಮೇಲಕ್ಕೋ, ಬೇಡವೇ ಬೇಡವೋ?

ಸೈಕಲ್ ರ‍್ಯಾಕ್ ಕೊಳ್ಳುವವರು ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಕಂಪನಿ ನೋಡುತ್ತಾರೆ, ಕೊನೆಗೆ ತಮ್ಮ ಕಾರನ್ನು ನೋಡುತ್ತಾರೆ. ಚಿಕ್ಕ ಕಾರಿನವರು ಇದನ್ನು ಕೊನೆಯಿಂದ ಶುರು ಮಾಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಕಾರ್ ಡೆಕೋರ್ ಅಂಗಡಿಯಾಗಲಿ, ಕೌಂಟರಿನ ಆ ಕಡೆಯಿಂದ ಬರುವ ಮಾತು ಒಂದೇ: "ಎಲ್ಲಾ ಕಾರಿಗೂ ಆಗುತ್ತೆ ಸಾರ್." ಅದನ್ನು ನಂಬುವ ಮೊದಲು ಒಂದು ಟೇಪ್ ಹಿಡಿದು ಸೈಕಲ್ಲನ್ನೂ ಕಾರನ್ನೂ ಅಳೆಯಿರಿ. ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತದೆ.

ದೊಡ್ಡವರ ಸೈಕಲ್ ಮುಂದಿನ ಟೈರಿನಿಂದ ಹಿಂದಿನ ಟೈರಿನವರೆಗೆ ಸುಮಾರು 1.7 ಮೀಟರ್ ಉದ್ದ ಇರುತ್ತದೆ. ಆಲ್ಟೋ ಕೆ10 ಕಾರಿನ ಅಗಲ 1.49 ಮೀಟರ್. ವ್ಯಾಗನ್‌ಆರ್‌ದು 1.62, ಸ್ವಿಫ್ಟ್‌ದು 1.735. ಅಂದರೆ ಸ್ವಿಫ್ಟ್ ಹಿಂದೆ ಸೈಕಲ್ಲನ್ನು ಅಡ್ಡ ನೇತುಹಾಕಿದರೆ ಅದು ಕಾರಿನ ಅಗಲದೊಳಗೇ ಹೆಚ್ಚುಕಡಿಮೆ ಕೂರುತ್ತದೆ. ಆಲ್ಟೋ ಹಿಂದೆ ಹಾಕಿದರೆ ಎರಡೂ ಕಡೆ ತಲಾ ನಾಲ್ಕು ಇಂಚು ಟೈರು ಹೊರಗೆ ಚಾಚುತ್ತದೆ. "ಸೈಡ್ ಮಿರರ್ ಕೂಡ ಅಷ್ಟೇ ಚಾಚಿರುತ್ತಲ್ವಾ" ಅನ್ನಬಹುದು. ನಿಜ, ಆದರೆ ಮಿರರ್ ನಿಮ್ಮ ಕಣ್ಣೆದುರಿಗೆ ಇರುತ್ತದೆ. ಟೈರು ಬೆನ್ನ ಹಿಂದೆ ಇರುತ್ತದೆ, ಸಿಗ್ನಲ್‌ನಲ್ಲಿ ಸಂದಿಯಲ್ಲಿ ನುಗ್ಗುವ ಸ್ಕೂಟರ್‌ನವರ ಮೊಣಕಾಲಿನ ಎತ್ತರದಲ್ಲಿ.

ಇದಕ್ಕೆ ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ 194(1ಎ) ಎಂಬ ಕಲಂ ಸೇರಿತು. ಹೊರೆ ವಾಹನದ ಪಕ್ಕಗಳಿಂದ ಹೊರಗೆ ಚಾಚಿದ್ದರೆ, ಅಥವಾ ಹಿಂದೆ, ಮುಂದೆ, ಎತ್ತರದಲ್ಲಿ ಮಿತಿ ಮೀರಿದ್ದರೆ ದಂಡ 20,000 ರೂಪಾಯಿ. ಲಾರಿಗಳನ್ನು ನೆನೆದು ಬರೆದ ಕಲಂ ಇರಬಹುದು, ಆದರೆ ಅದರಲ್ಲಿ ಲಾರಿ ಅಂತ ಬರೆದಿಲ್ಲ. ಮುಂದಿನ ಚಕ್ರ ಬಿಚ್ಚಿದರೆ ಸೈಕಲ್ಲಿನ ಉದ್ದ 1.4 ಮೀಟರಿಗೆ ಇಳಿಯುತ್ತದೆ. ಆಲ್ಟೋದ ಅಗಲಕ್ಕೂ ಆಗ ಅದು ಸರಿಹೋಗುತ್ತದೆ.

ಇನ್ನೊಂದು ಲೆಕ್ಕ ತೂಕದ್ದು. ರೇಸ್ ಸೈಕಲ್ 9–10 ಕೆಜಿ, ಹೈಬ್ರಿಡ್ 12–15, ಸಾಧಾರಣ ಗೇರ್ ಎಂಟಿಬಿ (ಮೌಂಟನ್ ಬೈಕ್) 14–17 ಕೆಜಿ ಬರುತ್ತವೆ. ಹಳೇ ಕಾಲದ ಕಪ್ಪು ಸೈಕಲ್, ಬ್ಯಾಟರಿ ಸೈಕಲ್ ಎರಡೂ 20 ಕೆಜಿಯ ಆಚೀಚೆ. ಅಂದಾಜಿನಲ್ಲಿ ಹೇಳಬೇಡಿ. ಮನೆಯ ತೂಕದ ಯಂತ್ರದ ಮೇಲೆ ಬರೀಗೈಲಿ ಒಮ್ಮೆ, ಸೈಕಲ್ ಎತ್ತಿಕೊಂಡು ಒಮ್ಮೆ ನಿಂತರೆ ವ್ಯತ್ಯಾಸ ಸಿಕ್ಕಿತು.

ಮೊದಲು ಒಳಗೆ ಹಾಕಿ ನೋಡಿ

ಒಂದೇ ಸೈಕಲ್, ಕಾರಿನಲ್ಲಿ ಇಬ್ಬರೇ ಜನ ಅಂದರೆ ರ‍್ಯಾಕಿಗೆ ದುಡ್ಡು ಹಾಕಲೇಬೇಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಹಿಂದಿನ ಸೀಟು ಮಡಚಿ, ಮುಂದಿನ ಚಕ್ರ ಬಿಚ್ಚಿ, ಪೆಟ್ರೋಲ್ ಕಾರಾದರೆ ಡಿಕ್ಕಿಯಿಂದ ಒಳಕ್ಕೆ ಸರಿಸಿ. ವ್ಯಾಗನ್‌ಆರ್‌ನಂಥ ಎತ್ತರದ ಕಾರಿನಲ್ಲಿ ಸಲೀಸಾಗಿ ಹೋಗುತ್ತದೆ. ಆಲ್ಟೋದಲ್ಲಿ ಎರಡೂ ಚಕ್ರ ಬಿಚ್ಚಬೇಕಾಗಬಹುದು, ಮುಂದಿನ ಸೀಟನ್ನೂ ಸ್ವಲ್ಪ ಮುಂದಕ್ಕೆ ಎಳೆಯಬೇಕಾಗಬಹುದು. ಸಿಎನ್‌ಜಿ ಕಾರಿನವರಿಗೆ ಮಾತ್ರ ಈ ದಾರಿ ಕಷ್ಟ. ಸಿಲಿಂಡರ್ ಡಿಕ್ಕಿಯಲ್ಲೇ ಕೂತಿರುತ್ತದೆ.

ಒಳಗಿಟ್ಟ ಸೈಕಲ್ ಮಳೆಗೆ ನೆನೆಯುವುದಿಲ್ಲ, ಧೂಳು ಕುಡಿಯುವುದಿಲ್ಲ, ಹೋಟೆಲ್ ಮುಂದೆ ನಿಲ್ಲಿಸಿದಾಗ ಕಳುವಾಗುವ ಭಯ ಕಡಿಮೆ. ಗಾಡಿಯ ಮೈಲೇಜೂ ಇಳಿಯುವುದಿಲ್ಲ. ಬೇಕಾಗುವುದು ಒಂದು ಹಳೇ ಬೆಡ್‌ಶೀಟು ಮತ್ತು ಒಂದಿಷ್ಟು ತಾಳ್ಮೆ.

ಬಿಚ್ಚುವ ಕೆಲಸಕ್ಕೆ ಎರಡು ಮೂರು ವಿಷಯ ಗೊತ್ತಿರಬೇಕು. ಕ್ವಿಕ್ ರಿಲೀಸ್ (ಅಚ್ಚಿಗೇ ಕೂರಿಸಿದ ಸಣ್ಣ ಲಿವರ್) ಇರುವ ಚಕ್ರ ಕೈಯಲ್ಲೇ ಬಿಚ್ಚುತ್ತದೆ. ನಟ್ ಇದ್ದರೆ ಸಾಮಾನ್ಯವಾಗಿ 15 ನಂಬರ್ ಸ್ಪ್ಯಾನರ್ ಬೇಕು. ಹಿಂದಿನ ಚಕ್ರ ತೆಗೆಯುವ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲಿನ ಚಕ್ರಕ್ಕೆ ತನ್ನಿ, ಬೇಗ ಕಳಚುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಮೇಲೆ ಬ್ರೇಕ್ ಲಿವರ್ ಮುಟ್ಟಬೇಡಿ. ಹೈಡ್ರಾಲಿಕ್ ಆದರಂತೂ ಪ್ಯಾಡುಗಳು ಅಂಟಿಕೊಂಡು ಬೆಳಗಾಗೆದ್ದು ತಲೆನೋವು. ಪ್ಯಾಡುಗಳ ನಡುವೆ ಮಡಚಿದ ಗಟ್ಟಿ ರಟ್ಟು ಸಿಕ್ಕಿಸಿದರೆ ಸಾಕು. ಸೈಕಲ್ ಮಲಗಿಸುವಾಗ ಗೇರಿನ ಬದಿ ಮೇಲಕ್ಕಿರಲಿ. ಗೇರ್ ನೇತಾಡುವ ಆ ಚಿಕ್ಕ ಕೊಂಡಿ ಬಾಗಿತೆಂದರೆ ಬೆಟ್ಟದ ಬುಡಕ್ಕೆ ಹೋಗಿ ವಾಪಸ್ ಬರುವುದೊಂದೇ ಉಳಿಯುವುದು. ಕೊನೆಗೆ ಇಡೀ ಸೈಕಲ್ಲನ್ನು ಹಿಂದಿನ ಸೀಟ್ ಬೆಲ್ಟಿಗೋ ಕೊಕ್ಕೆಗೋ ಕಟ್ಟಿ. ಗಕ್ಕನೆ ಬ್ರೇಕ್ ಹಾಕಿದಾಗ 14 ಕೆಜಿ ಕಬ್ಬಿಣ ಹಿಂದಿನಿಂದ ತಲೆಗೆ ಬರಬಾರದು.

ಮಕ್ಕಳ 16 ಇಂಚಿನ ಸೈಕಲ್, ಮಡಚುವ ಸೈಕಲ್ ಇವಕ್ಕೂ ಇದೇ ಜಾಗ. ರ‍್ಯಾಕ್ ಯೋಚನೆ ಬೇಡ.

ಡಿಕ್ಕಿ ಬಾಗಿಲಿಗೆ ಕಟ್ಟುವ ರ‍್ಯಾಕ್

ಎರಡು ಸೈಕಲ್, ಮೂರು ನಾಲ್ಕು ಜನ ಅಂದಾಗ ನಮ್ಮಲ್ಲಿ ಹೆಚ್ಚಿನವರು ಬರುವುದು ಇಲ್ಲಿಗೇ. ಮಡಚುವ ಕಬ್ಬಿಣದ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಆರು ಪಟ್ಟಿಗಳು, ಪಟ್ಟಿಯ ತುದಿಗೆ ಕೊಕ್ಕೆಗಳು. ಕೊಕ್ಕೆಗಳು ಡಿಕ್ಕಿ ಬಾಗಿಲಿನ ಅಂಚಿಗೆ ಸಿಕ್ಕಿಕೊಳ್ಳುತ್ತವೆ, ಚೌಕಟ್ಟಿನ ಪಾದಗಳು ಬಾಗಿಲಿನ ಮೇಲೆ ಅಥವಾ ಬಂಪರಿನ ಮೇಲೆ ಊರುತ್ತವೆ. ಹೊರಗೆ ಚಾಚಿದ ಎರಡು ತೋಳುಗಳ ಮೇಲೆ ಸೈಕಲ್ಲಿನ ಬಾರ್ ಕೂರುತ್ತದೆ. ಹೆಸರಿಲ್ಲದ ಮಾಲು ಆನ್‌ಲೈನ್‌ನಲ್ಲಿ ಕೆಲವು ಸಾವಿರಕ್ಕೆ ಸಿಗುತ್ತದೆ. ಸ್ವೀಡನ್ನಿನ ಥೂಲೆ, ಅಮೆರಿಕದ ಸಾರಿಸ್ ಥರದ ಹೆಸರಾದರೆ ಅದರ ಹಲವು ಪಟ್ಟು.

ಬೆಲೆಯ ವ್ಯತ್ಯಾಸ ಎಲ್ಲಿದೆ? ಚೌಕಟ್ಟಿನಲ್ಲಿ ಅಷ್ಟಾಗಿ ಇಲ್ಲ. ಪಟ್ಟಿ, ಬಕಲ್, ಕೊಕ್ಕೆ, ರಬ್ಬರ್ ಈ ನಾಲ್ಕರಲ್ಲಿದೆ. ಅಂಗಡಿಯಲ್ಲಿ ಪಟ್ಟಿಯನ್ನು ಬಕಲ್‌ಗೆ ಹಾಕಿ ಬಿಗಿದು, ಎರಡೂ ಕೈಯಿಂದ ಜಗ್ಗಿ ನೋಡಿ. ಒಂದು ಚೂರು ಜಾರಿದರೂ ಅಲ್ಲೇ ಬಿಟ್ಟು ಬನ್ನಿ. ನಮ್ಮ ರಸ್ತೆಯ ಹಂಪುಗಳು ಆ ಚೂರನ್ನು ಮೊಳ ಮಾಡುತ್ತವೆ. ಕೊಕ್ಕೆಯ ಮೇಲೆ ರಬ್ಬರ್ ಅಥವಾ ಪ್ಲಾಸ್ಟಿಕ್ ಹೊದಿಕೆ ಇರಲೇಬೇಕು. ಬರೀ ಲೋಹದ ಕೊಕ್ಕೆ ಬಾಗಿಲಿನ ಅಂಚಿನ ಪೇಂಟ್ ಕಿತ್ತರೆ ಮುಂದಿನ ಮಳೆಗಾಲಕ್ಕೆ ಅಲ್ಲಿ ತುಕ್ಕು.

ಇನ್ನು ನಿಮ್ಮ ಕಾರಿನ ಬಾಗಿಲು. ಕೊಕ್ಕೆ ಹಾಕುವ ಜಾಗದಲ್ಲಿ ತಗಡಿನ ಅಂಚು ಇದೆಯಾ ನೋಡಿ. ಈಗಿನ ಹ್ಯಾಚ್‌ಬ್ಯಾಕ್‌ಗಳ ಹಿಂದಿನ ಗಾಜಿನ ಮೇಲೆ ಪ್ಲಾಸ್ಟಿಕ್ ಸ್ಪಾಯ್ಲರ್ ಕೂರಿಸಿರುತ್ತಾರೆ. ನೋಡಲು ಚೆಂದ, ಭಾರಕ್ಕೆ ಆಗದು. ಮೇಲಿನ ಪಟ್ಟಿ ಅದರ ಮೇಲೆ ಹಾದು ಬಿಗಿದರೆ ಸ್ಪಾಯ್ಲರ್ ಬಿರಿಯುತ್ತದೆ. ಅಂಥ ಕಾರಿಗೆ ತೋಳು ಕಮಾನಿನಂತೆ ಎತ್ತರಕ್ಕೆ ಬಾಗಿರುವ ರ‍್ಯಾಕ್ ಬೇಕು. ಸಾರಿಸ್‌ನವರ ಬೋನ್ಸ್ ಆ ಜಾತಿಯದು, ಸ್ಪಾಯ್ಲರ್‌ಗೆ ತಾಗದಂತೆ ದಾಟಿಕೊಂಡು ಹೋಗುತ್ತದೆ. ವ್ಯಾಗನ್‌ಆರ್ ಬಾಗಿಲು ಹೆಚ್ಚುಕಡಿಮೆ ನೆಟ್ಟಗಿದೆ. ರ‍್ಯಾಕ್ ಅದಕ್ಕೆ ಅಂದವಾಗಿ ಒರಗುತ್ತದೆ. ಬಾಗಿಲು ಜಾಸ್ತಿ ಓರೆ ಇದ್ದಷ್ಟೂ ಪಾದಗಳನ್ನು ಹೊಂದಿಸುವ ಕಸರತ್ತು ಜಾಸ್ತಿ.

ಥೂಲೆ, ಸಾರಿಸ್ ಇಬ್ಬರೂ ಯಾವ ಕಾರಿಗೆ ಯಾವ ರ‍್ಯಾಕ್ ಎಂಬ ಪಟ್ಟಿ ಇಟ್ಟಿರುತ್ತಾರೆ. ನೋಡಿ, ಆದರೆ ಹೆಸರಿಗೆ ಮರುಳಾಗಬೇಡಿ. ಜಪಾನಿನಲ್ಲಿ ಓಡುವ ವ್ಯಾಗನ್‌ಆರ್ ನಮ್ಮದಕ್ಕಿಂತ ಗಿಡ್ಡ, ಅಗಲದಲ್ಲೂ ಸಣ್ಣದು. ಅಲ್ಲಿನ ಆಲ್ಟೋ ಕೂಡ ಬೇರೆಯೇ. ಪಟ್ಟಿಯಲ್ಲಿ ಭಾರತದ ಮಾದರಿ, ತಯಾರಾದ ವರ್ಷ ಸಮೇತ ಇದ್ದರೆ ಮಾತ್ರ ನಂಬಿ.

ಮೂರು ಸೈಕಲ್ಲಿನ ರ‍್ಯಾಕ್ ಕೊಳ್ಳುವ ಆಸೆ ಬರುತ್ತದೆ. ಚಿಕ್ಕ ಕಾರಿಗೆ ಬೇಡ. ಇಂಥ ರ‍್ಯಾಕ್‌ಗಳಿಗೆ ಸಾಮಾನ್ಯವಾಗಿ ಸೈಕಲ್ಲಿಗೆ 15 ಕೆಜಿ ಎಂಬ ಮಿತಿ ಇರುತ್ತದೆ. ಮೂರನೆಯದು ಬಾಗಿಲಿನಿಂದ ದೂರಕ್ಕೆ ನೇತಾಡುತ್ತದೆ, ಆ ದೂರವೇ ಕೀಲುಗಳ ಮೇಲೆ ಭಾರ ಹೆಚ್ಚಿಸುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಯ ಗುಂಡಿಗಳಲ್ಲಿ ಪ್ರತಿ ಕುಲುಕಿಗೂ ಆ ಎಳೆತ ಏರಿಳಿಯುತ್ತಿರುತ್ತದೆ. ಎರಡು ಸೈಕಲ್, ಅದೂ ಭಾರದ್ದು ಒಳಗೆ ಗಾಜಿನ ಪಕ್ಕ, ಹಗುರದ್ದು ಹೊರಗೆ.

ಕಟ್ಟುವ ಕ್ರಮ ಇಷ್ಟು. ಮೊದಲು ರ‍್ಯಾಕಿನ ಪಾದ ಊರುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ನಮ್ಮ ಕೆಂಪು ಧೂಳು ರಬ್ಬರಿನ ಅಡಿ ಸಿಕ್ಕಿದರೆ ಉಪ್ಪುಕಾಗದದ ಹಾಗೆ ಪೇಂಟ್ ಉಜ್ಜುತ್ತದೆ. ಪದೇ ಪದೇ ಹಾಕುವವರು ಆ ಜಾಗಕ್ಕೆ ಪಾರದರ್ಶಕ ಫಿಲ್ಮ್ ಅಂಟಿಸಿಕೊಳ್ಳುವುದು ಒಳ್ಳೆಯದು. ಮೇಲಿನ ಪಟ್ಟಿ, ಕೆಳಗಿನ ಪಟ್ಟಿ, ಆಮೇಲೆ ಪಕ್ಕದ ಪಟ್ಟಿ ಹೀಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ರ‍್ಯಾಕ್ ಹಿಡಿದು ಅಲ್ಲಾಡಿಸಿದರೆ ಇಡೀ ಕಾರು ಅಲ್ಲಾಡಬೇಕು. ಎರಡು ಸೈಕಲ್ಲನ್ನು ಎದುರುಬದುರಾಗಿ ಹಾಕಿ, ಒಂದರ ಹ್ಯಾಂಡಲ್ ಎಡಕ್ಕೆ, ಇನ್ನೊಂದರದು ಬಲಕ್ಕೆ. ಗಾಜಿನ ಕಡೆಗಿರುವ ಪೆಡಲ್ ತಾಗುವಂತಿದ್ದರೆ ಬಿಚ್ಚಿಬಿಡಿ. ಎಡಗಾಲಿನ ಪೆಡಲ್ಲಿನ ಮರೆ (ಥ್ರೆಡ್) ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಹಗ್ಗಜಗ್ಗಾಟ ಆಡಿ ಮರೆ ಹಾಳುಮಾಡಿಕೊಂಡವರು ಬೇಕಾದಷ್ಟು ಜನ. ಎರಡು ಸೈಕಲ್ಲಿನ ನಡುವೆ ಹಳೇ ಟವೆಲ್, ಮುಂದಿನ ಚಕ್ರ ತಿರುಗದಂತೆ ಫ್ರೇಮಿಗೆ ಒಂದು ಕಟ್ಟು. ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಗಿಂತ ಒಳ್ಳೇ ಹಗ್ಗ ಈ ಕೆಲಸಕ್ಕೆ ಇಲ್ಲ. ಟೈರು ಸೈಲೆನ್ಸರ್ ಬಾಯಿಗೆ ಎದುರಾಗದಂತೆ ನೋಡಿಕೊಳ್ಳಿ, ಬಿಸಿಗೆ ರಬ್ಬರ್ ಕರಗುತ್ತದೆ. ಪಟ್ಟಿಯ ಉಳಿದ ತುದಿಗಳನ್ನು ಗಂಟು ಹಾಕಿ ಸಿಕ್ಕಿಸಿ. ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಹೊಸ ಪಟ್ಟಿ ಮೊದಲ ಓಟದಲ್ಲಿ ಸಡಿಲ ಆಗಿಯೇ ಆಗುತ್ತದೆ.

ಅಡ್ಡ ಬಾರ್ ಇಲ್ಲದ ಲೇಡೀಸ್ ಸೈಕಲ್, ಬಾರ್ ತೀರಾ ಓರೆ ಇರುವ ಮಕ್ಕಳ ಸೈಕಲ್ ಈ ತೋಳುಗಳ ಮೇಲೆ ನೆಟ್ಟಗೆ ಕೂರುವುದಿಲ್ಲ. ಸೀಟಿನ ಕಂಬಕ್ಕೂ ಹ್ಯಾಂಡಲ್ ಬುಡಕ್ಕೂ ಸಿಕ್ಕಿಸುವ ಬದಲಿ ಬಾರ್ ಬೇರೆ ಸಿಗುತ್ತದೆ. ಅದರ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ. ಕಾರ್ಬನ್ ಫ್ರೇಮಿನವರು ತಮ್ಮ ಸೈಕಲ್ ಕಂಪನಿ ಏನು ಹೇಳಿದೆ ಅಂತ ಓದಿಯೇ ಮುಂದುವರಿಯಬೇಕು.

ಈ ರ‍್ಯಾಕಿನ ತಾಪತ್ರಯಗಳೂ ಇವೆ. ಕಟ್ಟಿದ ಮೇಲೆ ಡಿಕ್ಕಿ ತೆರೆಯುವಂತಿಲ್ಲ. ಮಗುವಿನ ಬ್ಯಾಗು, ನೀರಿನ ಬಾಟಲಿ, ಜಾಕಿ ಎಲ್ಲ ಮೊದಲೇ ಹಿಂದಿನ ಸೀಟಿಗೆ ಬರಬೇಕು. ದಾರಿಯಲ್ಲಿ ಪಂಕ್ಚರ್ ಆದರೆ ಸ್ಟೆಪ್ನಿಗಾಗಿ ಇಡೀ ಸಂಸಾರ ಇಳಿಸಬೇಕು. ರಿವರ್ಸ್ ಸೆನ್ಸರ್ ಕುಂಯ್ ಎನ್ನುತ್ತಲೇ ಇರುತ್ತದೆ, ಕ್ಯಾಮೆರಾದಲ್ಲಿ ಕಾಣುವುದು ಸೈಕಲ್ಲಿನ ಕಡ್ಡಿ ಮಾತ್ರ. ನಂಬರ್ ಪ್ಲೇಟ್ ಮತ್ತು ಹಿಂದಿನ ದೀಪ ಮುಚ್ಚಿದರೆ ಪೊಲೀಸರು ಹಿಡಿಯುವುದು ನ್ಯಾಯವೇ. ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಬಿಚ್ಚಿ ಸೈಕಲ್ಲಿಗೆ ನೇತುಹಾಕುವ ಉಪಾಯವೂ ನಡೆಯುವುದಿಲ್ಲ, ಅದು ಒಮ್ಮೆ ಕೂರಿಸಿದರೆ ಮುರಿಯದೆ ಬರದ ಲಾಕ್. ಕೊಳ್ಳುವ ಮೊದಲೇ ಸೈಕಲ್ ನೇತುಹಾಕಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು, ಪ್ಲೇಟು ಓದಲು ಬರುತ್ತದಾ, ಬ್ರೇಕ್ ಲೈಟ್ ಕಾಣುತ್ತದಾ ನೋಡಿ.

ಹ್ಯಾಚ್‌ಬ್ಯಾಕಿನ ಬೆನ್ನಿಗೆ ಧೂಳು ಬಂದು ಮೆತ್ತುವುದನ್ನು ನೋಡಿಯೇ ಇರುತ್ತೀರಿ. ಅದೆಲ್ಲ ಈಗ ಚೈನಿಗೆ. ಮಳೆಗಾಲದ ಮಲೆನಾಡಿಗೆ ಹೋಗಿ ಬಂದರೆ ಮರುದಿನ ಚೈನ್ ತೊಳೆದು ಎಣ್ಣೆ ಬಿಡುವುದು ಖರ್ಚಿನಲ್ಲೇ ಸೇರಿದ್ದು. ಇಡೀ ಸೈಕಲ್ಲಿಗೆ ಟಾರ್ಪಲ್ ಹೊದಿಸಬೇಡಿ, ಗಾಳಿ ತುಂಬಿಕೊಂಡು ರ‍್ಯಾಕನ್ನೇ ಎಳೆಯುತ್ತದೆ. ಸೀಟಿಗೊಂದು ಪ್ಲಾಸ್ಟಿಕ್ ಕವರ್ ಸಾಕು.

ತಲೆಯ ಮೇಲೆ

ನಮ್ಮಲ್ಲಿ ಕ್ಯಾರಿಯರ್ ಅಂದರೆ ಎಲ್ಲರಿಗೂ ಗೊತ್ತು. ಮಾರುತಿ 800, ಓಮ್ನಿ ಕಾಲದಲ್ಲಿ ಕಾರಿನ ಮಾಡಿಗೆ ಮಳೆನೀರು ಹರಿಯುವ ಅಂಚು ಇರುತ್ತಿತ್ತು. ಕ್ಯಾರಿಯರಿನ ಕ್ಲಾಂಪ್ ಅದಕ್ಕೆ ಕಚ್ಚಿಕೊಳ್ಳುತ್ತಿತ್ತು. ಈಗಿನ ಚಿಕ್ಕ ಕಾರುಗಳಲ್ಲಿ ಆ ಅಂಚು ಇಲ್ಲ. ಬಾಗಿಲ ಚೌಕಟ್ಟಿಗೆ ಕಚ್ಚುವ ಅಡ್ಡಪಟ್ಟಿಗಳು ಬೇಕು, ಅವು ಕಾರಿನ ಮಾದರಿಗೆ ತಕ್ಕಂತೆ ಬೇರೆ ಬೇರೆ. ಕೆಲವು ಕಾರುಗಳ ಮೇಲೆ ಉದ್ದಕ್ಕೆ ರೂಫ್ ರೈಲ್ ಕಾಣುತ್ತದಲ್ಲ, ಅದನ್ನು ನಂಬಿ ಕೊಳ್ಳಬೇಡಿ. ಎಷ್ಟೋ ಕಾರುಗಳಲ್ಲಿ ಅದು ಬರೀ ಶೋಕಿ, ಭಾರ ಹೊರುವುದಕ್ಕಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಮಾಡಿನ ಮೇಲೆ ಎಷ್ಟು ಕೆಜಿ ಅಂತ ಬರೆದಿದೆಯಾ ಹುಡುಕಿ. ಅಂಕಿ ಇಲ್ಲದಿದ್ದರೆ ಮೇಲೆ ಹೊರಿಸಬಾರದು ಅಂತಲೇ ತಿಳಿಯಿರಿ.

ಅಂಕಿ ಇದ್ದರೂ ಅದು ಬರೀ ಸೈಕಲ್ಲಿನದಲ್ಲ. 50 ಕೆಜಿ ಅಂತ ಬರೆದಿದ್ದರೆ ಅಡ್ಡಪಟ್ಟಿಗೆ 5, ಸೈಕಲ್ ನಿಲ್ಲಿಸುವ ಎರಡು ಟ್ರೇಗೆ 8 ಕಳೆಯಿರಿ. ಉಳಿದ 37ರಲ್ಲಿ 15 ಕೆಜಿಯ ಎರಡು ಸೈಕಲ್ ಹೋಗುತ್ತವೆ. ಮಿತಿ 30 ಆಗಿದ್ದರೆ ಒಂದೇ.

ಎತ್ತರ ನೋಡಿ. ವ್ಯಾಗನ್‌ಆರ್ 1.675 ಮೀಟರ್, ಪಟ್ಟಿ ಮತ್ತು ಟ್ರೇ ಹತ್ತು ಸೆಂಟಿಮೀಟರ್, ಮೇಲೆ ಒಂದು ಮೀಟರಿನ ಸೈಕಲ್. ಒಟ್ಟು 2.8 ಮೀಟರ್ ಹತ್ತಿರ. ಅಪಾರ್ಟ್‌ಮೆಂಟು, ಮಾಲ್‌ಗಳ ಬೇಸ್‌ಮೆಂಟ್ ಬಾಗಿಲಲ್ಲಿ 2.1, 2.2 ಮೀಟರ್ ಅಂತ ಬೋರ್ಡ್ ತೂಗುತ್ತಿರುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಂದಿಗೆ ಹೋಗಿ ಬಂದ ಸುಸ್ತಿನಲ್ಲಿ, ಮೇಲೆ ಸೈಕಲ್ ಇದೆ ಅನ್ನುವುದೇ ಮರೆತುಹೋಗುತ್ತದೆ. ಸ್ಟಿಯರಿಂಗ್ ಮೇಲೆ ಒಂದು ಚೀಟಿ ಅಂಟಿಸಿಕೊಳ್ಳುವ ಅಭ್ಯಾಸ ಪಾಪ ಎಷ್ಟೋ ಫೋರ್ಕ್‌ಗಳನ್ನು (ಮುಂದಿನ ಚಕ್ರ ಹಿಡಿಯುವ ಕವಲು) ಉಳಿಸಿದೆ.

ಮೇಲೆ ಹಾಕುವುದರ ಲಾಭ ಸಣ್ಣದಲ್ಲ. ಡಿಕ್ಕಿ ತೆರೆಯುತ್ತದೆ, ಪ್ಲೇಟು, ದೀಪ, ಕನ್ನಡಿ ಎಲ್ಲ ಖಾಲಿ. ಸೈಕಲ್ಲಿಗೆ ಸೈಕಲ್ ತಾಗುವುದಿಲ್ಲ. ವಾರಕ್ಕೊಮ್ಮೆ ರೇಸ್ ಸೈಕಲ್ ಒಯ್ಯುವವರಿಗೆ, ಮನೆ ಮುಂದೆ ಬಯಲಲ್ಲಿ ಕಾರು ನಿಲ್ಲಿಸುವವರಿಗೆ ಇದೇ ಸರಿ. ಮುಂದಿನ ಚಕ್ರ ಬಿಚ್ಚಿ ಫೋರ್ಕ್ ಕಚ್ಚಿಸುವ ಟ್ರೇ ಗಟ್ಟಿ, ಎತ್ತರವೂ ಕಡಿಮೆ. ನಿಮ್ಮ ಸೈಕಲ್ಲಿಗೆ ಹಳೇ 9 ಎಂಎಂ ಕ್ವಿಕ್ ರಿಲೀಸೋ, 12 ಅಥವಾ 15 ಎಂಎಂ ಥ್ರೂ ಆಕ್ಸಲ್ಲೋ (ಫೋರ್ಕಿನ ತೂತಿನಲ್ಲಿ ತೂರಿಸಿ ಬಿಗಿಯುವ ದಪ್ಪ ಅಚ್ಚು) ಕೇಳಿಕೊಂಡು ಅದಕ್ಕೆ ಹೊಂದುವುದನ್ನೇ ಕೊಳ್ಳಿ. ಆದರೆ 16 ಕೆಜಿ ಎಂಟಿಬಿಯನ್ನು ವ್ಯಾಗನ್‌ಆರ್ ತಲೆಗೆ ಒಬ್ಬರೇ ಎತ್ತಿ ಕೂರಿಸುವುದು ಬೇರೆ ಕಥೆ. ಅಂಗಡಿಯಲ್ಲೇ ಒಮ್ಮೆ ಎತ್ತಿ ನೋಡಿ. ಪೆಟ್ರೋಲ್ ಕೂಡ ಹಿಂದಿನ ರ‍್ಯಾಕಿಗಿಂತ ಇದಕ್ಕೇ ಜಾಸ್ತಿ ಕುಡಿಯುತ್ತದೆ, ವೇಗ ಹೆಚ್ಚಿದಷ್ಟೂ ಇನ್ನೂ ಜಾಸ್ತಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಗೆ 2023ರ ಆಗಸ್ಟ್ 1ರಿಂದ ಸೈಕಲ್ ಬಿಡುವುದಿಲ್ಲ, ಹಾಗಾಗಿ ಕಾರಿನ ಮೇಲೇರಿ ಹೋಗುವ ಸೈಕಲ್‌ಗಳು ಅಲ್ಲಿ ಕಾಣುತ್ತವೆ. ಅಡ್ಡಗಾಳಿ ಇರುವ ಬಯಲಲ್ಲಿ 80 ದಾಟದಿರುವುದು ಕ್ಷೇಮ.

ಉಳಿದವು

ಗಾಳಿ ಹೀರಿ ಅಂಟುವ ಸಕ್ಷನ್ ರ‍್ಯಾಕ್ ಇದೆ, ಸೀಸಕ್ಕರ್ ಅದರಲ್ಲಿ ಹೆಸರುವಾಸಿ. ಯಾವ ಕಾರಿಗೂ ಕೂರುತ್ತದೆ, ಬ್ಯಾಗಿನಲ್ಲಿ ಹಾಕಿಡಬಹುದು. ಆದರೆ ಅಂಟುವ ಜಾಗ ನುಣುಪಾಗಿ, ಶುಭ್ರವಾಗಿ ಇರಲೇಬೇಕು. ಪಂಪಿನ ಮೇಲಿನ ಬಣ್ಣದ ಗೆರೆ ಹೊರಗೆ ಕಂಡಿತಾ ಅಂತ ನಿಂತಲ್ಲೆಲ್ಲ ನೋಡುತ್ತಿರಬೇಕು. ಅದರ ಅಗ್ಗದ ನಕಲನ್ನು ಹೆದ್ದಾರಿಗೆ ಒಯ್ಯುವ ಧೈರ್ಯ ನನಗಿಲ್ಲ.

ಕಾರಿನ ಹಿಂದೆ ಟ್ರೇಲರ್ ಎಳೆಯುವ ಕೊಂಡಿಗೆ (ಟೋ ಹಿಚ್) ಕೂರಿಸುವ ರ‍್ಯಾಕ್ ಎಲ್ಲಕ್ಕಿಂತ ಉತ್ತಮ, ಸಂಶಯವಿಲ್ಲ. ನಮ್ಮ ಚಿಕ್ಕ ಕಾರುಗಳಿಗೆ ಕಂಪನಿಯದೇ ಕೊಂಡಿ ಸಿಗುವುದು ಅಪರೂಪ, ಬೀದಿಯಲ್ಲಿ ವೆಲ್ಡ್ ಮಾಡಿಸಿದ್ದಕ್ಕೆ 40 ಕೆಜಿ ನೇತುಹಾಕುವುದು ನನಗೆ ಒಪ್ಪಿಗೆಯಿಲ್ಲ. ಜರ್ಮನಿ, ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಮಾತ್ರ ಇದೇ ಮೊದಲ ಆಯ್ಕೆ ಆಗಬೇಕು. ಬ್ಯಾಟರಿ ಸೈಕಲ್ ಇದ್ದರಂತೂ ಇದೇ. ಕೊಂಡಿಯ ಮೇಲೆ ಬೀಳಬಹುದಾದ ಭಾರದ ಮಿತಿ ನೋಡಿ, ರ‍್ಯಾಕಿನದೇ 15 ಕೆಜಿ ಆಸುಪಾಸು ಇರಬಹುದು. ಪ್ಲೇಟ್ ಮುಚ್ಚಿದರೆ ಅಲ್ಲಿ ಇನ್ನೊಂದು ಪ್ಲೇಟ್ ಹಾಕಲೇಬೇಕು. ಅಮೆರಿಕದವರು ಚಿಕ್ಕ ಕಾರಿಗೆ ಸಿಗುವ ಕೊಂಡಿಯ ತೂತು ಹೆಚ್ಚಾಗಿ ಒಂದೂಕಾಲು ಇಂಚು ಎಂಬುದನ್ನು ನೆನಪಿಡಿ. ಎರಡು ಇಂಚಿನ ರ‍್ಯಾಕ್ ಅದಕ್ಕೆ ಹೋಗದು.

ನಾಲ್ಕು ಸೈಕಲ್, ಇಲ್ಲವೇ 20 ಕೆಜಿ ಮೇಲಿನ ಸೈಕಲ್, ಅದೂ ವರ್ಷಕ್ಕೊಂದೆರಡು ಸಲ ಅಂದರೆ ಟಾಟಾ ಏಸ್ ಗಾಡಿ ಮಾತಾಡಿ. ಇಲ್ಲವೇ ರೈಲಿನ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ. ಆಲ್ಟೋ ಬೆನ್ನಿಗೆ ಸುಮ್ನೆ ಯಾಕೆ ಹಿಂಸೆ?

ಸೆಕೆಂಡ್ ಹ್ಯಾಂಡ್ ಡಿಕ್ಕಿ ರ‍್ಯಾಕ್ ಆಗಾಗ ಮಾರಾಟಕ್ಕೆ ಬರುತ್ತವೆ, ಒಂದೆರಡು ಪ್ರವಾಸಕ್ಕೆ ಬಳಸಿ ಅಟ್ಟಕ್ಕೆ ಹಾಕಿದವು. ಒಳ್ಳೇ ಕಂಪನಿಯದಾದರೆ ಹೊಸ ಅಗ್ಗದ್ದಕ್ಕಿಂತ ಇದೇ ವಾಸಿ. ನೋಡಬೇಕಾದ್ದು ಪಟ್ಟಿಯ ಹೊಲಿಗೆ, ಬಿಸಿಲಿಗೆ ಬಣ್ಣ ಹೋಗಿ ಗರಗರ ಅನ್ನುತ್ತಿದೆಯಾ, ಬಕಲ್ಲಿನ ಹಲ್ಲು ಸವೆದಿದೆಯಾ, ಪಾದದ ರಬ್ಬರ್ ಬಿರಿದಿದೆಯಾ. ಪಟ್ಟಿ ಬದಲಿಸಬಹುದು, ಆ ಕಂಪನಿಯದೇ ಸಿಕ್ಕರೆ. ಬಾಗಿ ಮತ್ತೆ ನೆಟ್ಟಗೆ ಮಾಡಿದ ಗುರುತು ಚೌಕಟ್ಟಿನಲ್ಲಿ ಕಂಡರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.